ಕಮ್ಮಿ ಎಂದ ಕಿವಿ

"ಹಾಕ್ಕೊಂಡು ಕೇಳಪ್ಪ, ಬೇಡ ಅನ್ನಲ್ಲ. ಆದ್ರೆ ಅದನ್ನ ಇನ್ನೊಂದರ ಜೊತೆ ಹೋಲಿಸಬೇಡ."

ಅವನು ನಕ್ಕ. "ಯಾಕಮ್ಮ, ಅದಕ್ಕೇನು ಸವತಿ ಮತ್ಸರಾನಾ?"

ಹೆಂಗಸು ನಗಲಿಲ್ಲ. ಸತ್ತ ಅಣ್ಣನ ಮನೆಯನ್ನು ಖಾಲಿ ಮಾಡಲು ಬಂದವಳು ಅವಳು. ಅಣ್ಣ ಬದುಕಿದ್ದಷ್ಟು ಕಾಲ ರೇಡಿಯೊ, ಆಂಪ್ಲಿಫೈಯರುಗಳ ಹಳೇ ಗಾಜಿನ ವಾಲ್ವ್‌ಗಳನ್ನು ಗುಡ್ಡೆ ಹಾಕಿದ್ದ. ಕೋಣೆಯ ತುಂಬ ರಟ್ಟಿನ ಡಬ್ಬಗಳು, ಇಲಿ ಹಿಕ್ಕೆ, ಬೆಸುಗೆಯ ಹಳೇ ಹೊಗೆ ಗೋಡೆಗೆ ಹತ್ತಿದ ವಾಸನೆ. ಅವನು ಬೇಕಾದ್ದನ್ನೆಲ್ಲ ಆರಿಸಿಕೊಂಡಾಗಿತ್ತು. ಕೊನೆಯಲ್ಲಿ ಕಪಾಟಿನ ತಳದಲ್ಲಿ, ಬಟ್ಟೆ ಸುತ್ತಿ ಗಂಟು ಹಾಕಿದ್ದ ದುಂಡು ಡಬ್ಬ ಕಣ್ಣಿಗೆ ಬಿತ್ತು. "ಅದು ಕೊಡೋದಲ್ಲ," ಎಂದಳು. ಬೇಡ ಅಂದಮೇಲೆ ಅದೇ ಬೇಕಾಯಿತು, ಕಾಡಿ ಬೇಡಿ ಒಪ್ಪಿಸಿದ.

ಡಬ್ಬದೊಳಗೆ ಒಂದೇ ಒಂದು ರೆಕ್ಟಿಫೈಯರ್ ವಾಲ್ವ್. ಉದ್ದ ಗಾಜು, ನೆತ್ತಿಯ ಒಳಗೆ ಕನ್ನಡಿಯಂಥ ಬೆಳ್ಳಿಬಣ್ಣ, ಬುಡಕ್ಕೆ ಕಪ್ಪು ಟೋಪಿ. ಟೋಪಿಯನ್ನು ಯಾರೋ ಬಿಚ್ಚಿ ಮತ್ತೆ ಕಪ್ಪು ಮೇಣ ಹಾಕಿ ಕೂರಿಸಿದ್ದರು. ಮೇಣದ ಸಂದಿಯಿಂದ ಒಂದು ಉದ್ದ ಕೂದಲು ಹೊರಗೆ ಬಂದಿತ್ತು. ಅವನು ಉಗುರಿನಲ್ಲಿ ಹಿಡಿದು ಎಳೆದ. ಬರಲಿಲ್ಲ.

"ಎಳೀಬೇಡ!" ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. "ನಮ್ಮತ್ತಿಗೆ ಮಾಡಿಸಿದ್ದು ಅದು."

"ಏನು ಮಾಡಿಸಿದ್ದು?"

"ಮಾಟ."

"ಮಾಟದವರೂ ಕಾಲ ನೋಡ್ಕೊಂಡು ಕರೆಂಟಿನ ಲೈನಿಗೆ ಬಂದ್ರು ಅನ್ನಿ," ಎಂದು ಅವನು ವಾಲ್ವನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅವಳು ಮತ್ತೇನೋ ಹೇಳಲು ಬಾಯಿ ತೆರೆದವಳು ಅವನ ಹಿಂದೆಯೇ ಬಾಗಿಲು ದೂಡಿದಳು. ದಪ್ಪ ಮರದ ಬಾಗಿಲು ಚೌಕಟ್ಟಿಗೆ ಬಡಿಯಿತು. ಸದ್ದಾಗಲಿಲ್ಲ. ದಿನವಿಡೀ ಸದ್ದುಗಳ ನಡುವೆಯೇ ಬದುಕುವ ಅವನು ಅದನ್ನು ಗಮನಿಸಲೂ ಇಲ್ಲ.

ಅವನ ಕೆಲಸ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ಗಾಜಿನ ಗೂಡಿನೊಳಗೆ ಜನರನ್ನು ಕೂರಿಸಿ, ಹೆಡ್‌ಫೋನಿನಲ್ಲಿ ಕುಂಯ್ ಅನ್ನಿಸಿ, ಕೇಳಿಸಿದರೆ ಗುಂಡಿ ಒತ್ತಿ ಎನ್ನುವುದು. ಬೀದಿಯವರು 'ಕಿವಿ ಡಾಕ್ಟ್ರು' ಎಂದು ಕರೆಯುತ್ತಿದ್ದರು. ಡಾಕ್ಟರಲ್ಲ, ಆದರೂ ಅವನು ತಿದ್ದುತ್ತಿರಲಿಲ್ಲ. ವಾಲ್ವ್ ಆಂಪ್ಲಿಫೈಯರಿನ ಹುಚ್ಚು ಇತ್ತೀಚೆಗೆ ಹತ್ತಿದ್ದು. ಯಾರೋ ಕೈಯಲ್ಲಿ ಕಟ್ಟಿದ ಹಳೇ ಪೆಟ್ಟಿಗೆ. ಅದರಲ್ಲಿ ಹಾಡನ್ನು ದೊಡ್ಡದು ಮಾಡುವ ವಾಲ್ವ್‌ಗಳೇ ಬೇರೆ. ಮೂಲೆಯಲ್ಲಿ ಒಂಟಿಯಾಗಿ ನಿಂತಿರುವುದು ರೆಕ್ಟಿಫೈಯರ್. ಗೋಡೆಯಿಂದ ಬರುವ ಕರೆಂಟು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ, ಅದನ್ನು ಒಂದೇ ದಿಕ್ಕಿಗೆ ಹರಿಸುವುದಷ್ಟೇ ಇದರ ಕೆಲಸ. ಹಾಡು ಇದರ ಮೂಲಕ ಹಾದುಹೋಗುವುದೇ ಇಲ್ಲ. ಆದರೂ ಇದನ್ನು ಬದಲಿಸಿದರೆ ಹಾಡಿನ ಮೈಕಟ್ಟೇ ಬದಲಾಗುತ್ತದೆ ಎಂದು ಈ ಹುಚ್ಚಿನವರೆಲ್ಲ ಆಣೆ ಹಾಕುತ್ತಾರೆ. ನೀರು ಹೊತ್ತವನ ಕೈಗುಣ ಅಡುಗೆಗೆ ಬರುತ್ತದೆ ಎಂದ ಹಾಗೆ. ನಿಜವೋ ಸುಳ್ಳೋ, ಹೋಲಿಸಿ ನೋಡಿಯೇ ತೀರುತ್ತೇನೆಂದು ಅವನು ಹಟ ಹಿಡಿದಿದ್ದ.

ಹೋಲಿಸುವುದು ಅವನ ಹುಟ್ಟುಗುಣ. ಟೀ ಕುಡಿದರೆ, "ನಿನ್ನೆಯದು ವಾಸಿ ಇತ್ತು." ಅಂಗಿ ಹಾಕಿಕೊಂಡರೆ, "ಆ ನೀಲಿಯದರ ಮುಂದೆ ಇದು ಏನೂ ಅಲ್ಲ." ಹೆಂಡತಿಗೆ ರೂಢಿಯಾಗಿಹೋಗಿತ್ತು.

ಅವಳು ಬಸ್ ನಿಲ್ದಾಣದಲ್ಲಿ ಅನೌನ್ಸರ್. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಕಡೆ, ಎಷ್ಟು ತಡ ಎಂದು ಹೇಳುವುದು ಅವಳ ಕೆಲಸ. ಬಸ್ಸು ತಡವಾದಾಗಲೂ ಅವಳ ಧ್ವನಿ ಕೇಳಿದರೆ ಜನ ಬಯ್ಯುವುದನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ ಎಂದು ಕಂಡಕ್ಟರುಗಳು ತಮಾಷೆ ಮಾಡುತ್ತಿದ್ದರು. ಈಗ ಆರು ತಿಂಗಳ ಬಸುರಿ, ರಜೆಯಲ್ಲಿದ್ದಳು. ಮೊದಲೆರಡು ನಿಂತಿರಲಿಲ್ಲ. ಇದು ನಿಲ್ಲುತ್ತದೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬ ದಿಗಿಲು. ಹೋದ ಸಲ ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತವನ್ನು ಸ್ಪೀಕರಿಗೆ ಹಾಕಿ ಕೇಳಿಸಿದ್ದರು. ಎಲ್ಲೋ ದೂರದಲ್ಲಿ ಕುದುರೆ ಓಡಿದಂಥ ಸದ್ದು. ಮನೆಗೆ ಬರುವ ದಾರಿಯುದ್ದಕ್ಕೂ ಅವನು ಆಟೋದ ಕಂಬಿಯ ಮೇಲೆ ಬೆರಳಿನಿಂದ ಅದನ್ನೇ ಬಾರಿಸುತ್ತ ಬಂದಿದ್ದ.

ಭಾನುವಾರ ಮಧ್ಯಾಹ್ನ ಪರೀಕ್ಷೆ ಶುರುವಾಯಿತು. ಹೊರಗಿನ ಗದ್ದಲ ಬರಬಾರದೆಂದು ಕಿಟಕಿಗೆ ಹಾಸಿಗೆ ಆನಿಸಿ, ಬಾಗಿಲ ಸಂದಿಗೆ ಕಂಬಳಿ ತುರುಕಿದ. ಹಗಲಲ್ಲೇ ಕೋಣೆ ಬಾವಿಯಂತಾಯಿತು. ಹಾಡಿನ ಅದೇ ತುಣುಕು, ಅದೇ ವಾಲ್ಯೂಮು. ಮೊದಲು ತನ್ನ ಹತ್ತಿರ ಇದ್ದ ವಾಲ್ವ್, ಆಮೇಲೆ ಇದು. ಹೆಂಡತಿ ಹಿಂದೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಮೊದಲನೆಯದು ಚೆನ್ನೋ ಎರಡನೆಯದೋ ಹೇಳಬೇಕು.

"ನನ್ನ ಒಪ್ಪಿಕೊಳ್ಳೋ ಮುಂಚೆ ಎಷ್ಟು ಜನರನ್ನ ಹಿಂಗೆ ಹಾಕಿ ತೆಗೆದು ನೋಡಿದ್ರಿ?"

"ಮಾತಾಡಬೇಡ್ವೇ, ಸೆಟ್ ಬಿಸಿ ಆಗ್ತಿದೆ."

ಮೊದಲನೆಯದರ ಸರದಿ ಮುಗಿಯಿತು. ಆ ಹೆಂಗಸಿನಿಂದ ತಂದ ವಾಲ್ವಿನ ಒಳಗೆ ಕಿತ್ತಳೆ ಗೆರೆಯೊಂದು ನಿಧಾನಕ್ಕೆ ಹತ್ತಿಕೊಂಡಿತು. ಹಾಡು ಬಂತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಗಂಡಸೊಬ್ಬ ಹಾಡಿದ ಹಳೇ ಹಾಡು ಅದು, ನೂರು ಸಲ ಕೇಳಿದ್ದು. ಆದರೆ ಈಗ ಪ್ರತಿ ಸಾಲಿಗೂ ಮೊದಲು ಒಂದು ಸಣ್ಣ ಉಸಿರು ಕೇಳಿಸಿತು. ತುಟಿ ಬಿಚ್ಚುವ ಒದ್ದೆ ಸದ್ದು. ಹಾಡುವ ಜೀವ ಕೈಗೆಟಕುವಷ್ಟು ಹತ್ತಿರದಲ್ಲಿತ್ತು.

"ಅಬ್ಬಾ! ಇದರ ಮುಂದೆ ಅದು ಬರೀ ಡಬ್ಬ ಕಣೇ."

ಹೆಂಡತಿ ಮೂಗು ಮುಚ್ಚಿಕೊಂಡಿದ್ದಳು. "ಕೂದಲು ಸುಟ್ಟ ವಾಸನೆ ಬರ್ತಿದೆ ರೀ."

"ಧೂಳು. ಹಳೇದಲ್ವಾ."

ಸಂಜೆ ಖಾತ್ರಿಗೆಂದು ಮತ್ತೆ ಮೊದಲಿನ ವಾಲ್ವ್ ಹಾಕಿದ. ಅದು ಚೆನ್ನಾಗಿಯೇ ಉರಿಯಿತು. ಸದ್ದು ಮಾತ್ರ ಬರಲಿಲ್ಲ. ಗುಂಯ್ ಎನ್ನುವ ಗೊಣಗಾಟವೂ ಇಲ್ಲ. ಸತ್ತುಹೋಯಿತು ಎಂದುಕೊಂಡು ಕಸಕ್ಕೆ ಎಸೆದ.

ಮುಂದೆ ಹೋದದ್ದು ಅಡುಗೆಮನೆಯ ರೇಡಿಯೊ. ಹೆಂಡತಿ ಪಾತ್ರೆ ಒರೆಸುತ್ತ ಕೇಳುತ್ತಿದ್ದಳು. ಅವನು ಹಾಡು ಕೇಳಿ ಎದ್ದು ಬಂದವನು, "ಇದೂ ಒಂದು ಸೌಂಡಾ? ಅಲ್ಲಿ ಬಂದು ಕೇಳು," ಎಂದ. ಅವಳ ಕೈ ಅಲ್ಲೇ ನಿಂತಿತು. ರೇಡಿಯೊದ ದೀಪ ಉರಿಯುತ್ತಿತ್ತು, ಮಾತು ನಿಂತಿತ್ತು. ತಿರುಪಿದರೂ ಬಡಿದರೂ ಒಂದು ಚೂರು ಗೊರಗೊರ ಕೂಡ ಇಲ್ಲ.

"ನಿಮ್ಮ ಬಾಯಿ!" ಎಂದು ಅವಳು ಬಯ್ದಳು. ಇಬ್ಬರೂ ನಕ್ಕರು.

ಮೂರನೆಯದಕ್ಕೆ ನಗು ಬರಲಿಲ್ಲ. ಅವನು ಹಾಕಿದ್ದ ರೆಕಾರ್ಡಿನಲ್ಲಿ ಎಲ್ಲೋ ನೀರು ಹರಿಯುವ ಸದ್ದಿತ್ತು. ಅಷ್ಟು ತಣ್ಣಗೆ, ಅಷ್ಟು ಒದ್ದೆಯಾಗಿ ಕೇಳಿಸಿತು. ನಮ್ಮ ನಲ್ಲಿಯ ನೀರು ಕೂಡ ಇಷ್ಟು ನೀರಿನ ಹಾಗಿಲ್ಲವಲ್ಲ ಎಂದುಕೊಂಡ. ಬಾಯಿ ಬಿಟ್ಟು ಹೇಳಲಿಲ್ಲ, ಅಂದುಕೊಂಡದ್ದಷ್ಟೆ. ಆಗಲೇ ಬಚ್ಚಲಿನಿಂದ ಹೆಂಡತಿ ಕೂಗಿದಳು.

ಅವಳು ನಲ್ಲಿಯ ಮುಂದೆ ನಿಂತಿದ್ದಳು. ನೀರು ಬಕೆಟ್ಟಿಗೆ ದಪ್ಪಗೆ ಬೀಳುತ್ತಿತ್ತು. ನೊರೆ ಏಳುತ್ತಿತ್ತು. ಸದ್ದಿರಲಿಲ್ಲ.

ಅವಳು ಚೊಂಬನ್ನು ನೆಲಕ್ಕೆ ಕುಕ್ಕಿದಳು. ಠಣ್ ಎಂದಿತು. ಕಿವಿ ಹೋಗಿಲ್ಲ. ನೀರಿಗೆ ಮಾತ್ರ ಸದ್ದಿಲ್ಲ.

"ರೀ, ಅದನ್ನ ತೆಗೆದು ಎಸೀರಿ. ನಂಗೆ ಭಯ ಆಗ್ತಿದೆ."

"ಪೈಪಲ್ಲಿ ಗಾಳಿ ಸೇರ್ಕೊಂಡಿರಬೇಕು," ಎಂದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಮರುದಿನ ಆಸ್ಪತ್ರೆಯಲ್ಲಿ ಊಟದ ಹೊತ್ತಿಗೆ ಗೂಡಿನೊಳಗೆ ತಾನೇ ಕೂತು ತನ್ನ ಕಿವಿ ಪರೀಕ್ಷಿಸಿಕೊಂಡ. ಗೆರೆ ನೆಟ್ಟಗಿತ್ತು. ಮಕ್ಕಳ ಕಿವಿಯಷ್ಟು ಚೊಕ್ಕ. ಅವನಿಗೆ ಏನೂ ಆಗಿರಲಿಲ್ಲ. ಆಗಿದ್ದರೆ ಅದು ಮನೆಗೆ.

ಆದರೂ ಸಂಜೆ ಹೋಗಿ ಸೆಟ್ ಹಾಕಿದ. ಹುಚ್ಚೆಂದರೆ ಹುಚ್ಚೇ. ಹಾಡಿನ ಹಿಂದೆ, ತೀರಾ ಹಿಂದೆ, ಏನೋ ಇತ್ತು. ಬಗ್ಗಿ ಕಿವಿ ಕೊಟ್ಟ. ನೀರು. ತೊಟ್ಟಿಕ್ಕುತ್ತಿತ್ತು. ಎರಡು ಬೇಗ ಬೇಗ, ಆಮೇಲೆ ತಡೆದು ಒಂದು. ವಾಷರ್ ಸವೆದ ಅವರದೇ ನಲ್ಲಿ. ಅದರ ಪಕ್ಕದಲ್ಲಿ ಅಡುಗೆಮನೆಯ ರೇಡಿಯೊ, ಮೊನ್ನೆ ಅರ್ಧಕ್ಕೆ ನಿಂತ ವಾರ್ತೆಯನ್ನು ಮುಂದುವರಿಸಿ ಓದುತ್ತಿತ್ತು. ಅವೆರಡರ ಮುಂದೆ, ಎಲ್ಲಕ್ಕಿಂತ ಹತ್ತಿರ, ಆ ಉಸಿರು. ಅದು ಗಂಡಸಿನ ಉಸಿರಲ್ಲ.

ಸ್ವಿಚ್ಚಿಗೆ ಕೈ ಹಾಕಿದ, ತಪ್ಪಿತು. ಎರಡನೇ ಸಲಕ್ಕೆ ಆರಿಸಿ, ಪ್ಲಗ್ಗನ್ನೂ ಕಿತ್ತು ಹಾಕಿದ.

ಮರುದಿನ ಅರ್ಧ ದಿನ ರಜೆ ಹಾಕಿ ಆ ಹೆಂಗಸನ್ನು ಹುಡುಕಿಕೊಂಡು ಹೋದ. ಅವಳು ಮೆಟ್ಟಿಲ ಮೇಲೆ ಕೂತು ಹಳೇ ಬಟ್ಟೆ ಗಂಟು ಕಟ್ಟುತ್ತಿದ್ದಳು. ಅವನ ಮುಖ ನೋಡಿದ್ದೇ ತಡ, "ಹೋಲಿಸಿದೆ," ಎಂದಳು.

"ಅದರಲ್ಲಿ ಏನಿದೆ ಅಂತ ಹೇಳಿ."

"ಅವತ್ತು ಹೇಳೋಕೆ ಬಂದೆ. ನೀನು ಲೈನು, ಕರೆಂಟು ಅಂತ ನಕ್ಕೆ." ಅವಳು ಗಂಟನ್ನು ಬಿಗಿದಳು. "ನಮ್ಮತ್ತಿಗೆ ಚೆನ್ನಾಗಿ ಹಾಡೋಳು. ಅಣ್ಣ ಬಂದೋರ ಮುಂದೆ ಹಾಡಿಸೋನು. ಮುಗಿದ ತಕ್ಷಣ ಅದೇ ಹಾಡಿನ ರೆಕಾರ್ಡ್ ಹಾಕಿ, 'ಈಗ ಕೇಳಿ, ಇದು ಹಾಡು' ಅನ್ನೋನು. ಬಂದೋರು ನಗೋರು. ಅತ್ತಿಗೆನೂ ನಗೋಳು. ಎಷ್ಟು ದಿನ ಅಂತ ನಗ್ತಾಳೆ? ಒಂದಿನ ಎಲ್ಲೋ ಹೋಗಿ ಬಂದ್ಲು. ತನ್ನ ಕೂದಲನ್ನೇ ಕೊಟ್ಟು ಬಂದಿದ್ಲು. ಯಾವುದನ್ನ ನಿನ್ನ ಕಿವಿ ಕಮ್ಮಿ ಅನ್ನುತ್ತೋ ಅದು ನಿನ್ನ ಮನೇಲಿ ಉಳೀಬಾರದು. ಅಷ್ಟೇ ಅವಳು ಕಟ್ಟಿಸಿದ್ದು."

"ಅಣ್ಣನಿಗೆ ಬುದ್ಧಿ ಬರ್ಲಿ ಅಂತ."

"ಹೂಂ. ಆದ್ರೆ ಅವನ ಕಿವಿ ಎಲ್ಲಕ್ಕಿಂತ ಮೊದಲು ಕಮ್ಮಿ ಅಂದಿದ್ದು ಯಾರನ್ನ? ಅದನ್ನ ಅವಳು ಯೋಚನೆ ಮಾಡ್ಲಿಲ್ಲ."

"ಅವಳನ್ನೇ," ಎಂದ ಅವನು.

"ಹಾಡಿಗೆ ಮುಂಚೆ ಉಸಿರು ಕೇಳಿಸ್ತಾ?" ಎಂದಳು ಹೆಂಗಸು.

ಅವನು ತಲೆಯಾಡಿಸಿದ.

"ಅದು ರೆಕಾರ್ಡಿಂದಲ್ಲಪ್ಪ."

"ನಾನು ಬಾಯಿಬಿಟ್ಟು ಏನೂ ಅನ್ನದೆ ಇದ್ರೆ?"

"ಬಾಯನ್ನ ಯಾರು ಕೇಳಿದ್ರು? ಕಿವಿ ಅಂದ್ರೆ ಸಾಕು."

"ಒಡೆದು ಹಾಕಿದ್ರೆ?"

"ಮುಂದೆ ಹೋಗೋದು ನಿಲ್ಲುತ್ತೆ. ಒಳಗೆ ಹೋಗಿರೋದು ಅದರ ಜೊತೆಗೇ ಮಣ್ಣು. ನಮ್ಮಣ್ಣಂಗೆ ಒಡೆಯೋಕೆ ಕೈ ಬರ್ಲಿಲ್ಲ. ನಂಗೂ ಬರ್ಲಿಲ್ಲ. ಅತ್ತಿಗೆ ಧ್ವನಿ ಅಂತ ಉಳಿದಿದ್ದು ಅದೊಂದರಲ್ಲೇ." ಅವಳು ತಲೆಯೆತ್ತಿದಳು. "ಮನೇಲಿ ಯಾರ್ಯಾರಿದ್ದೀರಿ?"

ಅವನು ಓಡಿದ. ಓಡುತ್ತಲೇ ಮನೆಗೆ ಫೋನ್ ಮಾಡಿದ.

"ಆ ರೂಮಿಗೆ ಹೋಗ್ಬೇಡ. ಆಚೆ ಬಂದು ಮೆಟ್ಟಿಲ ಮೇಲೆ ಕೂತ್ಕೋ."

"ನಾನ್ಯಾಕೆ ಹೋಗ್ಲಿ? ಮಲಗಿದ್ದೆ ರೀ. ಕರೆಂಟೂ ಇಲ್ಲ, ಸೆಕೆ." ಅವಳ ಧ್ವನಿ ನಿದ್ದೆಯಲ್ಲಿ ದಪ್ಪಗಾಗಿತ್ತು. "ಬನ್ನಿ ಬೇಗ. ಬರೋವಾಗ ಏನಾದ್ರೂ ಹುಳಿಹುಳಿ ತನ್ನಿ."

ಬೀದಿಗೆ ಬೀದಿಯೇ ಕರೆಂಟು ಹೋಗಿತ್ತು. ಅಂಗಡಿಗಳು ಕತ್ತಲಾಗಿದ್ದವು, ಒಂದೆರಡು ಕಡೆ ಜನರೇಟರ್ ಗಡಗಡ ಎನ್ನುತ್ತಿತ್ತು. ಕಟ್ಟಡದ ಲಿಫ್ಟ್ ನಿಂತಿತ್ತು. ಮೆಟ್ಟಿಲ ಮೇಲೆ ಅವಳಿರಲಿಲ್ಲ. ಹತ್ತಿ ಹೋಗಿ ಬಾಗಿಲು ತೆಗೆದಾಗ ಸುಟ್ಟ ಕೂದಲಿನ ವಾಸನೆ ಎದೆಗೆ ಗುದ್ದಿತು.

ಒಳಗಿನ ಕೋಣೆಯ ಬಾಗಿಲ ಕೆಳಗೆ ಕಿತ್ತಳೆ ಬೆಳಕು.

ಕರೆಂಟಿರಲಿಲ್ಲ. ಪ್ಲಗ್ಗು ಕೂಡ ಕಿತ್ತು ನೆಲದ ಮೇಲೆ ಬಿದ್ದಿತ್ತು. ವಾಲ್ವ್ ಉರಿಯುತ್ತಿತ್ತು. ಒಡೆಯಲೇಬೇಕು. ಒಂದು ಹೆಜ್ಜೆ ಇಟ್ಟ. ಎಡಗಡೆಯ ಸ್ಪೀಕರು ಮಾತಾಡಿತು.

'ಪ್ರಯಾಣಿಕರ ಗಮನಕ್ಕೆ.'

ಅವಳ ಧ್ವನಿ. ಮೈಕಿನ ಮುಂದಿನ, ತುಸು ಬಿಗಿದ, ಬಯ್ಯುವವರನ್ನು ಅರ್ಧಕ್ಕೆ ನಿಲ್ಲಿಸುವ ಧ್ವನಿ. ಒಂದೇ ಸಾಲು. ನಿಂತಿತು.

ಬಲಗಡೆಯ ಸ್ಪೀಕರು. ದಡದಡ, ದಡದಡ, ದಡದಡ. ದೂರದಲ್ಲಿ ಓಡುವ ಕುದುರೆ. ನಿಂತಿತು.

ಮತ್ತೆ ಎಡ. ಮತ್ತೆ ಬಲ. ಅದೇ ತುಣುಕು, ಅದೇ ವಾಲ್ಯೂಮು. ಅವನೇ ಕಲಿಸಿಕೊಟ್ಟ ಪರೀಕ್ಷೆ.

ಕಾಲು ಮುಂದೆ ಬರಲಿಲ್ಲ. ಬೇಡ, ಎಂದ. ಎರಡೂ ಬೇಕು. ಎರಡೂ ಒಂದೇ. ಒಂದೇ. ಕಿವಿ ಮುಚ್ಚಿಕೊಂಡ. ಅಂಗೈ ಸೀಳಿಕೊಂಡು ಬಂತು ಸದ್ದು. ತಲೆಯೊಳಗೆ ಮಗ್ಗಿ ಹೇಳಿಕೊಂಡ. ಬಯ್ದ. ಕಿರುಚಿದ. ಪ್ರಯಾಣಿಕರ ಗಮನಕ್ಕೆ. ದಡದಡ. ಇದು ದಿನಾ ಕೇಳುವ ಧ್ವನಿ. ಅದು ಎರಡು ಸಲ ಕೈತಪ್ಪಿ ಹೋದ ಸದ್ದು. ಬೇಡ. ಬೇಡ. ಒಳಗೆ, ಅವನ ಕೈಗೆ ಸಿಗದ ಎಲ್ಲೋ, ತಕ್ಕಡಿಯ ಮುಳ್ಳು ಅಲುಗಿತು. ಕೂದಲೆಳೆಯಷ್ಟು. ಬಲಕ್ಕೆ.

ಎಡಗಡೆಯ ಸ್ಪೀಕರು ನಿಟ್ಟುಸಿರು ಬಿಟ್ಟಿತು. ಒಬ್ಬಳ ಉಸಿರಿನ ಪಕ್ಕಕ್ಕೆ ಇನ್ನೊಬ್ಬಳ ಉಸಿರು ಬಂದು ಕೂತಿತು.

ಮುಗಿಯಲಿಲ್ಲ. ಬಲಗಡೆ ಅದೇ ಪುಟ್ಟ ಎದೆ. ಎಡಗಡೆ ಈಗ ಇನ್ನೊಂದು ಬಡಿತ ಶುರುವಾಯಿತು. ನಿಧಾನ. ದೊಡ್ಡದು. ಬೆಳೆದ ಹೆಂಗಸಿನ ಎದೆ.

ಅವನ ಕಾಲಿಗೆ ಜೀವ ಬಂತು.

ಒಡೆದರೆ ಅವಳ ಧ್ವನಿ ಮಣ್ಣು. ಬಿಟ್ಟರೆ ಇಬ್ಬರಲ್ಲಿ ಒಬ್ಬರು. ಯೋಚಿಸಲು ಇನ್ನೇನೂ ಇರಲಿಲ್ಲ. ಬರಿಗೈಯಲ್ಲಿ ಹಿಡಿದ. ಚರ್ಮ ಚುರ್ ಎಂದಿತು. ಕಿತ್ತ. ಬುಡದ ಮೇಣ ಕರಗಿ ಬೆರಳ ಸಂದಿಗೆ ಇಳಿಯಿತು, ಅದರ ಜೊತೆಗೆ ಕೂದಲು, ಮೊಳಗಟ್ಟಲೆ ಕೂದಲು, ಮಣಿಕಟ್ಟಿಗೆ ಸುತ್ತಿಕೊಳ್ಳುತ್ತ. ವಾಲ್ವ್ ಕೈಯಲ್ಲಿ ಇನ್ನೂ ಉರಿಯುತ್ತಿತ್ತು. ಅದರೊಳಗಿಂದ ಅವಳು ಒಂದು ಸಲ ಅವನನ್ನು ಕರೆದಳು. 'ರೀ' ಎಂದಳು. ಅಷ್ಟೇ.

ನೆಲಕ್ಕೆ ಅಪ್ಪಳಿಸಿದ.

ಗಾಜು ಒಡೆದ ಸದ್ದು ಕೋಣೆಯ ತುಂಬ ಕೇಳಿಸಿತು. ಆಮೇಲೆ ಕತ್ತಲು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದು ನಿಂತಿದ್ದಳೋ. ಬಾಯಿ ತೆರೆದಳು. ಗಂಟಲ ನರ ಬಿಗಿಯಿತು. ಏನೂ ಬರಲಿಲ್ಲ. ಕೈಯಿಂದ ಗಂಟಲು ಹಿಡಿದುಕೊಂಡಳು, ಮತ್ತೆ ತೆರೆದಳು. ಆಮೇಲೆ ಗಂಟಲನ್ನು ಬಿಟ್ಟು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.

ಆಟೋದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆಸ್ಪತ್ರೆಯಲ್ಲಿ ನರ್ಸು, "ಏನಾಯ್ತಮ್ಮಾ?" ಎಂದು ಅವಳನ್ನು ಕೇಳಿದಳು. "ಗಂಟಲು ಕಟ್ಟಿದೆ," ಎಂದು ಅವನು ಹೇಳಿದ. ಡಾಕ್ಟರಮ್ಮ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಯಂತ್ರ ಒತ್ತಿದಳು. ಬರೀ ಗೊರಗೊರ. ಸರಿಸಿದಳು. ಗೊರಗೊರ. ಇನ್ನೊಂದಿಷ್ಟು ಸರಿಸಿದಳು.

ದಡದಡ, ದಡದಡ, ದಡದಡ.

"ಗಟ್ಟಿಯಾಗಿದೆ ಕಣಮ್ಮ. ಯಾಕಿಷ್ಟು ಹೆದರ್ಕೊಂಡ್ರಿ?" ಎಂದು ಡಾಕ್ಟರಮ್ಮ ಯಂತ್ರ ಆರಿಸಿ, ಕೈ ತೊಳೆಯಲು ಹೋದಳು.

ಅವನು ಮಂಚದ ಕಂಬಿಗೆ ಹಣೆ ಒತ್ತಿ ಅತ್ತ. ಖುಷಿಗೇ ಅತ್ತದ್ದು. ಸುಟ್ಟ ಅಂಗೈ ಉರಿಯುತ್ತಿದ್ದುದೂ ಗೊತ್ತಾಗಲಿಲ್ಲ. ತಲೆಯೆತ್ತಿದಾಗ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಆದರೆ ಅವಳು ಅವನ ಹಾಗೆ ಅಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದಾಗ ಎಡಕ್ಕೆ ಏನು ಬಂತು, ಬಲಕ್ಕೆ ಏನು ಬಂತು, ಎರಡೂ ಅವಳಿಗೆ ಕೇಳಿಸಿತ್ತು. ಎಷ್ಟೋ ಮಧ್ಯಾಹ್ನ ಅವನ ಪರೀಕ್ಷೆಗಳಿಗೆ ಕಣ್ಣು ಮುಚ್ಚಿ ಕೂತವಳು ಅವಳು. ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ತುಟಿಗಳನ್ನು ನಿಧಾನವಾಗಿ, ಮೈಕಿನ ಮುಂದೆ ಬಿಡಿಸಿ ಬಿಡಿಸಿ ಹೇಳುವಂತೆ ಅಲುಗಿಸಿದಳು.

ನಾನು ಕಮ್ಮಿನಾ?

ಕಿವಿ ಕೇಳದವರ ನಡುವೆಯೇ ವರ್ಷಗಳನ್ನು ಕಳೆದವನು ಅವನು. ತುಟಿ ಓದುವುದು ಅವನಿಗೆ ಹಲಗೆಯ ಮೇಲಿನ ಅಕ್ಷರ ಓದಿದಷ್ಟು ಸಲೀಸು.

"ಏನೇ? ಗೊತ್ತಾಗ್ಲಿಲ್ಲ," ಎಂದ.

ಅವಳು ಇನ್ನೊಮ್ಮೆ ಕೇಳಿದಳು.